ಇದ್ದಿಲಿನ ಐದು ಮರಿಗಳು

ಮಾರ್ಚ್ 2, ಬೆಳಿಗ್ಗೆ 7

ತೊಟ್ಟಿ ತೊಳೆದಾಯಿತು. ಅಳಿಯನಿಗೆ ಮೇವು ಹಾಕಿದೆ. ಅರ್ಧ ಬಿಟ್ಟ. ಹಿಂಗಾಲು ಎಳೆಯುತ್ತಿದ್ದಾನೆ. ಆರು ವರ್ಷದ ಗಂಡು ಹಂದಿಗೆ ಇಷ್ಟು ಬೇಗ ಮುಪ್ಪೇ...

ಆ ಹೆಸರಿಟ್ಟವಳು ಅಕ್ಕ. ವರ್ಷಕ್ಕೆರಡು ಸಲ ಟ್ರೇಲರ್ ಹತ್ತಿ ಹೊಳೆಯಾಚೆ ಅವಳ ದೊಡ್ಡಿಗೆ ಹೋಗುತ್ತಾನೆ. ಒಂದು ವಾರ ಕೂತು ತಿಂದು, ಬಂದ ಕೆಲಸ ಮುಗಿಸಿ, ತಿರುಗಿಯೂ ನೋಡದೆ ಬರುತ್ತಾನೆ. ಅಳಿಯ ಅನ್ನದೆ ಇನ್ನೇನನ್ನಲಿ ಅಂತ ನಗುತ್ತಿದ್ದಳು. ಆಗೆಲ್ಲ ನಗುತ್ತಿದ್ದಳು.

ಸಂಜೆ 5

ಅಕ್ಕನ ಫೋನ್. ಅವಳ ಹೆಣ್ಣು ಹಂದಿ ಮಚ್ಚೆ ಈದಿದ್ದಾಳೆ. ಮೂರೇ ಮೂರು. ಒಂದು ಸತ್ತೇ ಹುಟ್ಟಿತು. ಇನ್ನೊಂದಕ್ಕೆ ಹಿಂದೆ ದ್ವಾರವೇ ಇಲ್ಲ, ನಾಳೆಯೊಳಗೆ ಹೋಗುತ್ತದೆ. ಅಳಿಯನಿಂದ ಮೊದಲ ಸಲ ಏಳು, ಹೋದ ಸಲ ಐದು, ಈ ಸಲ ಮೂರು.

ಅಕ್ಕ ಅಳಲಿಲ್ಲ. ನೆಲದ ತೇವ ಇರಬೇಕು ಅಂದಳು, ಮತ್ತೆ ಅಗೆಸುತ್ತೇನೆ ಅಂದಳು. ಹೂಂ ಅಂದೆ.

ಹೂಂ ಅಂದೆನಲ್ಲ... ಥೂ.

ಮಾರ್ಚ್ 5

ಡಾಕ್ಟರು ಬಂದಿದ್ದರು. ನಮ್ಮ ಹಂದಿಗಳಿಗೂ ಅವರೇ, ವೀರ್ಯ ಬ್ಯಾಂಕಿನ ಟ್ಯಾಂಕಿಗೂ ಅವರೇ. ಅಕ್ಕನ ದೊಡ್ಡಿ ನೋಡಿಕೊಂಡು ಇಲ್ಲಿಗೆ ಬಂದರು, ವಂಶದ ಪುಸ್ತಕ ಕೇಳಿದರು. ಕೊಟ್ಟೆ. ಪುಟ ತಿರುವುವಾಗ ಅವರ ಬೆರಳನ್ನೇ ನೋಡುತ್ತಿದ್ದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳುವವಳು ನಾನು.

ರಕ್ತ ಹತ್ತಿರವಾದರೆ ಹೀಗೆಲ್ಲ ಆಗುತ್ತದಂತೆ. ಮರಿ ಕಮ್ಮಿ, ಹರ್ನಿಯಾ, ದ್ವಾರ ಇಲ್ಲದ್ದು. "ಆದ್ರೆ ನಿಮ್ಮ ಪುಸ್ತಕದಲ್ಲಿ ಹತ್ತಿರದ ರಕ್ತ ಎಲ್ಲೂ ಇಲ್ವಲ್ಲ. ಮಚ್ಚೆ ಬೂದಿ ಸಾಲು, ಅಳಿಯ ಇದ್ದಿಲು ಸಾಲು. ಹಾಗಾದ್ರೆ ನಿಮ್ಮಕ್ಕನ ದೊಡ್ಡಿಯಲ್ಲೇ ಏನೋ ದೋಷ ಇರಬೇಕು."

ಎಷ್ಟು ದುಂಡಗೆ ಬರೀತೀರಿ ಅಂತಲೂ ಹೊಗಳಿದರು. ಅಪ್ಪ ಪುಸ್ತಕವನ್ನು ನನಗೆ ಒಪ್ಪಿಸಿದ್ದೂ ಅದಕ್ಕೇ. ಅಕ್ಕನದು ಕೋಳಿಕಾಲಿನ ಅಕ್ಷರ. ದುಂಡಗಿನ ಅಕ್ಷರವನ್ನು ಯಾರೂ ಅನುಮಾನಿಸುವುದಿಲ್ಲ.

ಹೋಗುವಾಗ ಒಂದು ಕಾಗದ ಕೊಟ್ಟರು. ಟ್ಯಾಂಕು ಖಾಲಿ ಮಾಡುತ್ತಾರಂತೆ. ಇದ್ದಿಲು ಸಾಲಿನ ಹೆಣ್ಣು ಇದ್ದಿಲಿನ ಅಪ್ಪ ಕರಿತಾತನ ವೀರ್ಯ ಹೆಪ್ಪುಗಟ್ಟಿಸಿಟ್ಟ ಸಣ್ಣ ಕೊಳವೆಗಳು, ಅವರ ಮಾತಲ್ಲಿ ಕಡ್ಡಿ, ಇನ್ನೂ ಆರು ಇವೆ. ಅವನ ಸಾಲು ಜೀವಂತ ಇರುವುದರಿಂದ, ಪುಸ್ತಕದಲ್ಲಿ ಅವನ ವಂಶದ ಹದಿನಾಲ್ಕು ಹಂದಿಗಳಿರುವುದರಿಂದ, ಕಡ್ಡಿ ಬೇಕಿಲ್ಲ. ತಿಂಗಳ ಕೊನೆಯೊಳಗೆ ಉತ್ತರ ಬಾರದಿದ್ದರೆ ಒಪ್ಪಿಗೆ ಎಂದು ತಿಳಿಯಲಾಗುವುದು.

ಮಾರ್ಚ್ 6, ಮಧ್ಯಾಹ್ನ 2

ಇಲ್ಲಾದರೂ ಬರೆಯುತ್ತೇನೆ. ಇದನ್ನು ಓದುವವರು ಯಾರೂ ಇಲ್ಲ.

ಆರು ವರ್ಷದ ಹಿಂದೆ. ಈ ಜೋಲುಗಿವಿ ತಳಿಯಲ್ಲಿ ಎರಡೇ ಸಾಲು ಉಳಿದಿತ್ತು, ಬೂದಿ ಮತ್ತು ಇದ್ದಿಲು. ಇದ್ದಿಲು ಸಾಲಿಗೆ ಒಬ್ಬಳೇ ಹೆಣ್ಣು, ಇದ್ದಿಲು. ಅಪ್ಪ ಆಸ್ಪತ್ರೆಯಲ್ಲಿ, ಅಕ್ಕ ಅಪ್ಪನ ಹತ್ತಿರ. ದೊಡ್ಡಿ ನನ್ನ ಪಾಲಿಗೆ. ಒಂದೇ ದಿನ, ಕತ್ತಲಾದ ಮೇಲೆ, ಬೂದಿಯೂ ಈದಳು, ಇದ್ದಿಲೂ ಈದಳು. ಬೂದಿಗೆ ಹದಿಮೂರು. ಇದ್ದಿಲಿಗೆ ಏಳು.

ಇದ್ದಿಲಿನ ಗೂಡಿನ ಮೂಲೆಗೆ ಕಾವು ಕೊಡುವ ಬಲ್ಬು ಸುಟ್ಟಿತ್ತು. ಬಲ್ಬು ಬದಲಾಯಿಸು ಅಂತ ಅಕ್ಕ ಫೋನಿನಲ್ಲಿ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಹೇಳಿದ್ದಳು. ಹೊಸ ಬಲ್ಬು ಅಡುಗೆಮನೆಯ ಕಪಾಟಿನಲ್ಲೇ ಇತ್ತು. ಊಟ ಮಾಡಿ ಹಾಕೋಣ ಅಂದುಕೊಂಡೆ. ಊಟ ಮಾಡಿದೆ. ಮಲಗಿದೆ.

ಮೂಲೆ ತಣ್ಣಗಾದರೆ ಮರಿಗಳು ತಾಯಿಯ ಹೊಟ್ಟೆಗೆ ಅಂಟಿಕೊಳ್ಳುತ್ತವೆ. ತಾಯಿ ಮಗ್ಗುಲು ಬದಲಿಸುತ್ತಾಳೆ. ಬೆಳಿಗ್ಗೆ ಹೋಗಿ ನೋಡಿದರೆ ಏಳೂ ಅವಳ ಕೆಳಗೆ.

ಗೊಬ್ಬರದ ಗುಂಡಿಯ ಹಿಂದೆ ಹೂತೆ. ಬೂದಿಯ ಹದಿಮೂರರಲ್ಲಿ ಐದನ್ನು ತಂದು ಇದ್ದಿಲಿನ ಮೊಲೆಗೆ ಬಿಟ್ಟೆ. ಇದು ತಪ್ಪಲ್ಲ. ಹಾಲಿದ್ದವಳಿಗೆ ಮರಿಯಿಲ್ಲ, ಮರಿಯಿದ್ದವಳಿಗೆ ಮೊಲೆ ಸಾಲದು. ಹಂದಿ ಸಾಕುವವರೆಲ್ಲ ಹೀಗೆ ಮಾಡುತ್ತಾರೆ. ಪುಸ್ತಕದಲ್ಲಿ ಅದಕ್ಕೆಂದೇ ಒಂದು ಕಾಲಂ ಇದೆ: ಸಾಕುತಾಯಿ. ಅಲ್ಲಿ ಒಂದು ಹೆಸರು ಬರೆದರೆ ಮುಗಿಯಿತು.

ಅಷ್ಟರಲ್ಲಿ ಅಕ್ಕನ ಫೋನ್. ಅಪ್ಪ ಕೇಳ್ತಿದಾರೆ, ಇದ್ದಿಲು ಎಷ್ಟು ಹಾಕಿದಳು? ಹಿಂದಿನಿಂದ ಅಪ್ಪನ ಕೆಮ್ಮು ಕೇಳಿಸಿತು. ಐದು ಅಂದೆ. ಎರಡು ಗಂಡು ಅಂತಲೂ ಸೇರಿಸಿದೆ.

ಸಾಲು ಉಳಿಯಿತಲ್ಲ ಅಂದರಂತೆ ಅಪ್ಪ. ಎರಡೇ ದಿನಕ್ಕೆ ತೀರಿಹೋದರು.

ಮೂರನೆಯ ದಿನ ಮರಿಗಳ ಕಿವಿಗೆ ಕಚ್ಚು ಹಾಕಬೇಕು. ಬೂದಿ ಸಾಲಿಗೆ ಬಲಗಿವಿ, ಇದ್ದಿಲು ಸಾಲಿಗೆ ಎಡಗಿವಿ. ಆ ಐದರ ಎಡಗಿವಿ ಹಿಡಿದೆ. ಪುಸ್ತಕದಲ್ಲಿ ಬೂದಿಗೆ ಎಂಟು, ಇದ್ದಿಲಿಗೆ ಐದು ಅಂತ ಬರೆದೆ. ಸಾಕುತಾಯಿ ಕಾಲಂ ಖಾಲಿ. ಇದ್ದಿಲು ಮತ್ತೆ ಈದಾಗ ಸರಿಮಾಡಿದರಾಯಿತು ಅಂದುಕೊಂಡಿದ್ದೆ. ತಿಂಗಳೊಳಗೆ ಜ್ವರ ಬಂದು ಅವಳೂ ಸತ್ತಳು.

ಆ ಐದರಲ್ಲಿ ಒಬ್ಬ ಅಳಿಯ. ಅಳಿಯನೂ ಅಲ್ಲ, ಗಿಳಿಯನೂ ಅಲ್ಲ. ಮಚ್ಚೆಯ ಒಡಹುಟ್ಟಿದ ಅಣ್ಣ. ಬೂದಿಯ ಮಗನನ್ನು ಪ್ರಾಯಕ್ಕೆ ಬಂದಾಗಿನಿಂದ ಬೂದಿಯ ಹೆಣ್ಣುಮಕ್ಕಳ ಹತ್ತಿರ ನಾನೇ ಟ್ರೇಲರಿನಲ್ಲಿ ಕೂರಿಸಿ ಕಳಿಸುತ್ತಿದ್ದೇನೆ.

ಮಾರ್ಚ್ 19

ಬರೆಯಲಿಲ್ಲ. ಬರೆದರೆ ಹೊರೆ ಇಳಿಯುತ್ತದೆ ಅಂತಾರೆ. ಸುಳ್ಳು.

ಇವತ್ತು ಅಕ್ಕನ ದೊಡ್ಡಿಗೆ ಹೋಗಿದ್ದೆ. ನೆಲ ಎರಡನೇ ಸಲ ಅಗೆಸಿದ್ದಾಳೆ. ಭಾವ ಬದುಕಿದ್ದಾಗ ಕೈಯಾರೆ ಹಾಸಿದ ಕಲ್ಲುಗಳು ಬೇಲಿಯ ಪಕ್ಕ ರಾಶಿ ಬಿದ್ದಿವೆ. ನೀರಿನ ಪೈಪು ಹೊಸದು. ಗೋಡೆಗೆ ಒಂದು ಹಾಳೆ ಅಂಟಿಸಿದ್ದಾಳೆ, ತಾನು ಮಾಡಿರಬಹುದಾದ ತಪ್ಪುಗಳ ಪಟ್ಟಿ, ಆ ಕೋಳಿಕಾಲಿನ ಅಕ್ಷರದಲ್ಲಿ. ಬೂಷ್ಟು ಹಿಡಿದ ಕಾಳು? ಸೋಪು? ಹೆಚ್ಚು ಶೆಖೆ? ಹತ್ತೊಂಬತ್ತು ಸಾಲು ಇತ್ತು.

ಟೀ ಕುಡಿದೆ. ನಿನ್ನದೇನೂ ತಪ್ಪಿಲ್ಲ ಅಂದೆ. ಹಾಗಾದ್ರೆ ಯಾರದ್ದು ಅಂತ ಕೇಳಿದಳು. ಕಪ್ಪು ತೊಳೆಯಲು ಎದ್ದೆ.

ಮಾರ್ಚ್ 21

ಇದ್ದಿಲಿನ ರಕ್ತ ಈಗ ಉಳಿದಿರುವುದು ಆ ಆರು ಕಡ್ಡಿಯಲ್ಲಿ ಮಾತ್ರ. ಬ್ಯಾಂಕಿಗೆ ಕಾಗದ ಬರೆದೆ. ಹರಿದೆ. ಕಾರಣ ಕೊಡದೆ ಕಡ್ಡಿ ಇಟ್ಟುಕೊಳ್ಳಿ ಅಂದರೆ ಕೇಳುತ್ತಾರೆಯೇ? ಕಾರಣ ಕೊಟ್ಟರೆ ಪುಸ್ತಕ ಹೋಯಿತು. ಹದಿನಾಲ್ಕು ಹಂದಿಗಳ ವಂಶ ಸುಳ್ಳು. ಅಪ್ಪನಿಗೆ ಹೇಳಿದ್ದೂ ಸುಳ್ಳು.

ಏಕೆ ಊಟ ಸೇರುತ್ತಿಲ್ಲ ಅಂತ ನಮ್ಮ ಮನೆಯವರು ಕೇಳಿದರು. ಹಲ್ಲುನೋವು ಅಂದೆ. ಡೆಂಟಿಸ್ಟ್ ಹತ್ತಿರ ಹೋಗೋಣ ಅಂತ ಗಂಟುಬಿದ್ದಿದ್ದಾರೆ. ಒಂದು ಸುಳ್ಳಿಗೆ ಈಗ ಹಲ್ಲು ಬೇರೆ ಕೀಳಿಸಿಕೊಳ್ಳಬೇಕು.

ಮಾರ್ಚ್ 26, ಬೆಳಿಗ್ಗೆ 11

ಅಕ್ಕ ಕಸಾಯಿಖಾನೆಯ ಲಾರಿಗೆ ಹೇಳಿಬಿಟ್ಟಿದ್ದಾಳೆ. ಇಪ್ಪತ್ತೊಂಬತ್ತಕ್ಕೆ. ಮಚ್ಚೆ, ಮಚ್ಚೆಯ ತಂಗಿಯರು, ಎಲ್ಲ. "ನನ್ನ ಕೈಗುಣವೇ ಸರಿಯಿಲ್ಲ ಕಣೇ. ಅಪ್ಪ ಉಳಿಸಿಕೊಟ್ಟಿದ್ದನ್ನ ನಾನು ಒಂದೊಂದಾಗಿ ಕೊಲ್ತಾ ಇದೀನಿ. ಇನ್ನು ನೋಡೋಕಾಗಲ್ಲ."

ಎಷ್ಟು ಸಮಾಧಾನದಿಂದ ಹೇಳಿದಳು! ಬೈದಿದ್ದರೆ, ಅತ್ತಿದ್ದರೆ ತಡೆದುಕೊಳ್ಳುತ್ತಿದ್ದೆ.

ಮಾರ್ಚ್ 27

ಡಾಕ್ಟರಿಗೆ ಫೋನ್ ಮಾಡಿದೆ. ಎಲ್ಲ ಹೇಳಿದೆ, ಬಲ್ಬಿನಿಂದ ಹಿಡಿದು.  ಅವರು ಕಡ್ಡಿ ತೆಗೆದಿಡುತ್ತೇನೆ ಅಂದರು. ಆರರಲ್ಲಿ ಎರಡು ಒಡೆದಿವೆ, ನಾಲ್ಕು ಉಳಿದಿವೆ. ಹಂದಿಯ ವೀರ್ಯ ಅಷ್ಟು ವರ್ಷ ತಣ್ಣಗಿದ್ದರೆ ಗಬ್ಬ ಕಟ್ಟುವುದು ಕಷ್ಟವಂತೆ. ಕಟ್ಟಿದರೆ ಮಾತ್ರ ಹೊಸ ರಕ್ತ. ಮಚ್ಚೆ ಮುಂದಿನ ವಾರ ಬೆದೆಗೆ ಬರುತ್ತಾಳೆ. ಸದ್ಯಕ್ಕೆ ಬೆದೆಗೆ ಬರುವ ಬೇರೆ ಹೆಣ್ಣಿಲ್ಲ. "ನಿಮ್ಮಕ್ಕನಿಗೆ ನೀವೇ ಹೇಳ್ತೀರಾ, ನಾನು ಹೇಳ್ಲಾ?" ಅಂತ ಕೇಳಿದರು.

ನಾನೇ ಅಂದೆ. ಒಂದು ಕ್ಷಣ ನೀವೇ ಹೇಳಿ ಅನ್ನೋಣ ಅನ್ನಿಸಿತ್ತು. ಅದೂ ಇಲ್ಲಿರಲಿ.

ಮಾರ್ಚ್ 28, ಸಂಜೆ 6

ಹೇಳಿದೆ.

ಅಕ್ಕ ಸೌದೆಯ ರಾಶಿಯ ಮೇಲೆ ಕೂತಿದ್ದಳು, ಕೈಯಲ್ಲಿ ಬಕೆಟ್ಟು. ನಾನು ನಿಂತೇ ಹೇಳಿದೆ. ಏಳು ಮರಿ, ಐದು ಮರಿ, ಎಡಗಿವಿ. ಕೊನೆಗೆ ಬಲ್ಬು. ಅವಳು ಬಕೆಟ್ಟನ್ನು ಮೆಲ್ಲಗೆ ಕೆಳಗಿಟ್ಟಳು. ಅಗೆದ ನೆಲವನ್ನೇ ನೋಡುತ್ತಿದ್ದಳು.

"ನಿಮ್ಮ ಭಾವ ಹಾಸಿದ ಕಲ್ಲು ಅದು," ಅಂದಳು. "ಎರಡು ಸಲ ಕೀಳಿಸಿದೆ."

ಅಷ್ಟೇ. ಕಾಲಿಗೆ ಬೀಳೋಣವೆಂದು ಬಗ್ಗಿದೆ, ಕಾಲು ಹಿಂದಕ್ಕೆಳೆದುಕೊಂಡಳು. ಒಳಗೆ ಹೋಗಿ ಲಾರಿಯವನಿಗೆ ಬೇಡ ಅಂತ ಫೋನ್ ಮಾಡಿದ್ದು ಕೇಳಿಸಿತು. ಗೋಡೆಯ ಪಟ್ಟಿ ಹರಿದು ತಂದು ನನ್ನ ಕೈಗಿಟ್ಟಳು. ಪುಸ್ತಕ ತಗೊಂಡು ಬಾ, ನನ್ನ ಮುಂದೆ ಕೂತು ಬರಿ ಅಂದಳು. ಬಾರೇ ಅನ್ನಲಿಲ್ಲ, ಕಣೇ ಅನ್ನಲಿಲ್ಲ.

ಮಾರ್ಚ್ 30, ಬೆಳಿಗ್ಗೆ 10

ಅಕ್ಕನ ಅಡುಗೆಮನೆ. ಪುಸ್ತಕ ಮೇಜಿನ ಮೇಲೆ ತೆರೆದಿದೆ. ಎದುರಿಗೆ ಅವಳು ಕೂತು ತರಕಾರಿ ಹೆಚ್ಚುತ್ತಿದ್ದಾಳೆ, ತಲೆ ಎತ್ತುವುದಿಲ್ಲ. ಟೀ ಕೊಟ್ಟಿದ್ದಾಳೆ. ಸಕ್ಕರೆ ಹಾಕಿಲ್ಲ, ಮರೆತಳೋ ಏನೋ... ಕೇಳುವ ಧೈರ್ಯವಿಲ್ಲ.

ಬುಧವಾರ ಡಾಕ್ಟರು ಕಡ್ಡಿ ತರುತ್ತಾರೆ. ನಾಲ್ಕೇ ನಾಲ್ಕು.

ಪುಸ್ತಕದಲ್ಲಿ ಚಿತ್ತುಕಾಟು ಬೀಳಬಾರದು, ಮೊದಲು ಬೇರೆ ಕಡೆ ಬರೆದುಕೋ ಅಂದಳು. ಕೈಯಲ್ಲಿದ್ದದ್ದು ಈ ದಿನಚರಿ ಒಂದೇ. ಇಲ್ಲೇ ಬರೆಯುತ್ತಿದ್ದೇನೆ. ಅಕ್ಷರ ದುಂಡಗೆ ಬರುತ್ತಿಲ್ಲ.

ಅಳಿಯ ಮತ್ತು ಜೊತೆಯ ನಾಲ್ಕು. ಹೆತ್ತವಳು: ಬೂದಿ. ಸಾಕುತಾಯಿ: ಇದ್ದಿಲು.

ಇದ್ದಿಲು. ಹುಟ್ಟಿದ್ದು: ಏಳು. ಸತ್ತದ್ದು: ಏಳು. ಉಳಿದದ್ದು: ಇಲ್ಲ.

ಸಾವಿಗೆ ಕಾರಣ: