ಹತ್ತನೆಯ ವಾಕ್ಯ

ಕುಂಬಳೆ, ೧೯೪೬

ಸುಕುಮಾರಾ,

ನೀನು ಸಿಂಗಾಪುರಕ್ಕೆ ಹೋದ ಮೇಲೆ ನಾನು ಬರೆಯುವ ಮೊದಲ ಕಾಗದ ಇದು. ಚಿರಂಜೀವಿ ಎಂದು ಹಾಕಲು ಕೈ ಬರಲಿಲ್ಲ.

ನಿನ್ನೆ, ಅಲ್ಲಿ ನಿನ್ನ ಜೊತೆಗಿದ್ದ ಭುಜಂಗ ಊರಿಗೆ ಮರಳಿದವನು ಶಾಲೆಗೇ ಬಂದು, ನೀನು ತೀರಿಕೊಂಡ ಸುದ್ದಿ ಹೇಳಿ, ಜಪಾನಿನವರ ಆಳ್ವಿಕೆಯಲ್ಲಿ ನೀನು ಜಪಾನಿ ಕಲಿತ ನೋಟುಪುಸ್ತಕ ಕೊಟ್ಟ.

"ಒಂದು ಪದಕ್ಕೆ ಹತ್ತು ವಾಕ್ಯ ಬರೀತಿದ್ದ ಮಾಸ್ಟ್ರೇ. ಅಣ್ಣ ಹೊಡೆದು ಕಲಿಸಿದ ಕ್ರಮ ಅಂತ ನಗಾಡ್ತಿದ್ದ."

ಎಲ್ಲವೂ ಕನ್ನಡ ಅಕ್ಷರದಲ್ಲಿ, ಪಕ್ಕದಲ್ಲಿ ಅರ್ಥ. ನೀರಿಗೆ ಹತ್ತು, ಅನ್ನಕ್ಕೆ ಹತ್ತು. ತೆಗಾಮಿ ಎಂದರೆ ಕಾಗದ. ಕಾಗದ ಬಂತೇ? ಇವತ್ತು ಕಾಗದ ಇಲ್ಲ. ಅಣ್ಣನ ಕಾಗದ ನಾಳೆ ಬರುತ್ತದೆ. ಏಳನೆಯದಕ್ಕೆ ಬರುವಾಗ ನನಗೆ ಅರ್ಥ ನೋಡಬೇಕಾಗಲಿಲ್ಲ.

ಕಾಗದಕ್ಕೆ ಮಾತ್ರ ಒಂಬತ್ತೇ ಬರೆದಿದ್ದೀಯ. ಶಾಲೆಯಲ್ಲಾದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ನಿನ್ನ ವಾಕ್ಯಗಳಿಂದಲೇ ಪದ ಹೆಕ್ಕಿ, ಹತ್ತನೆಯದನ್ನು ಕೆಂಪು ಶಾಯಿಯಲ್ಲಿ ನಾನೇ ಜಪಾನಿಯಲ್ಲಿ ಬರೆದೆ: ಅಣ್ಣನ ಕಾಗದ ಬಂತು.