ವಾಲಿದ ಶಿಲುಬೆಯ ಬುಡದಲ್ಲಿ ಶುಕ್ರವಾರ

ಪ್ರಾಚೀನ ಕಲ್ಲುಗಳ ರಕ್ಷಣಾಧಿಕಾರಿಗಳೇ,

ಕಾರ್ನ್‌ವಾಲ್‌ನ ನಮ್ಮ ಚರ್ಚಿನಂಗಳದ ಕಲ್ಲಿನ ಶಿಲುಬೆ ಬೀಳಲಿದೆ. ಈ ಶುಕ್ರವಾರ ಶವಪೆಟ್ಟಿಗೆ ಹೊತ್ತು ತಂದು ಅದರ ಕೆಳಗೆ ಎಂಟು ಹೆಂಗಸರು ನಿಲ್ಲುತ್ತಾರೆ. ಅವರಲ್ಲೊಬ್ಬಳು ನನ್ನ ಮಗಳು ಮೊರ್ವೆನ್ನಾ. ಮೂರು ಸಲ ಬರೆದೆ. ಮೂರಕ್ಕೂ ‘ಪರಿಶೀಲನೆಯಲ್ಲಿದೆ’ ಎಂದೇ ಉತ್ತರಿಸಿದಿರಿ. ಆ ಕಲ್ಲಿಗೂ ಒಂದು ಪ್ರತಿ ಕಳಿಸಿ ಪುಣ್ಯ ಕಟ್ಟಿಕೊಳ್ಳಿ, ಅದು ನಿಮ್ಮ ಪರಿಶೀಲನೆಗೆ ಕಾಯುವಂತೆ ಕಾಣುತ್ತಿಲ್ಲ.

ಕಳೆದ ಬೇಸಿಗೆಯಲ್ಲಿ ಪ್ರವಾಸಿಗರಿಗೆ ಚಂದ ಕಾಣಲೆಂದು ಶಿಲುಬೆಗೆ ದೀಪ ಹಾಕಿಸಿದಿರಿ. ತಂತಿ ಎಳೆಯಲು ಅದರ ಬುಡವನ್ನೇ ಅಗೆಸಿದಿರಿ. ನಾನು ಇಲ್ಲಿ ಮೂವತ್ತೊಂದು ವರ್ಷದಿಂದ ಹೆಣಗಳಿಗೆ ಗುಂಡಿ ತೋಡುವವನು. ತೋಡುವ ಮುನ್ನ ಕೆಳಗೆ ಹಳೆಯ ಪೆಟ್ಟಿಗೆಯಿದೆಯೇ ಎಂದು ಕಬ್ಬಿಣದ ಸರಳು ಚುಚ್ಚಿ ನೋಡುವುದು ನಮ್ಮ ಕಸುಬಿನ ಕ್ರಮ. ಮಾರ್ಚ್‌ನಲ್ಲಿ ಶಿಲುಬೆಯ ಬುಡದಲ್ಲಿ ಆ ಸರಳು ಒಂದು ಮೊಳ ಇಳಿಯಿತು. ಕಳೆದ ವಾರ ಹಿಡಿಯವರೆಗೂ ಇಳಿಯಿತು, ಬೆಣ್ಣೆಗೆ ಚಾಕು ಇಳಿದ ಹಾಗೆ.

ಕೂಡಲೇ ಕಲ್ಲಿಗೆ ಎರಡು ಓಕ್ ಮರದ ತೊಲೆಗಳ ಆಸರೆ ಕೊಟ್ಟೆ. ಮೂರು ಪತ್ರಕ್ಕೆ ಅಲುಗದ ಇಲಾಖೆ ಎರಡು ತೊಲೆಗೆ ಮರುದಿನವೇ ಲಾರಿ ಸಮೇತ ಓಡಿಬಂತು!

“ಕೆತ್ತನೆಗೆ ಗೀರು ಬಿದ್ರೆ ಯಾರ್ರೀ ಜವಾಬ್ದಾರಿ?” ಎಂದರು ನಿಮ್ಮ ಪರಿವೀಕ್ಷಕರು.

“ಕಲ್ಲೇ ತಲೆ ಮೇಲೆ ಬಿದ್ರೆ?”

“ಎಂಟ್ನೂರು ವರ್ಷ ನಿಂತಿರೋದು ಈ ಶುಕ್ರವಾರಾನೇ ಬೀಳುತ್ತಾ? ಒಳ್ಳೇ ಕತೆ! ಮತ್ತೆ ತೊಲೆ ಇಟ್ರೆ ಅದನ್ನೂ ಒಯ್ತೀವಿ, ನಿಮ್ಮನ್ನೂ ಒಯ್ತೀವಿ.”

ನಕ್ಕು, ನನ್ನ ತೊಲೆ ಹೇರಿಕೊಂಡು ಹೋದರು.

ಬೇರೆ ದಾರಿಯಲ್ಲಿ ಹೋಗಿ ಎನ್ನುತ್ತೀರಿ. ನಮ್ಮೂರಲ್ಲಿ ಸತ್ತ ಹೆಂಗಸನ್ನು ಹೆಂಗಸರೇ ಹೊರುವುದು; ಶಿಲುಬೆಯ ಬುಡದಲ್ಲಿ ಪೆಟ್ಟಿಗೆ ಇಳಿಸಿ, ತಲೆತಗ್ಗಿಸಿ ಹಾಡಿ, ಆಮೇಲೆ ಒಳಗೆ ಒಯ್ಯುವುದು. ತೀರಿಹೋದ ಲವ್‌ಡೇ ಅಜ್ಜಿ ಊರಿನ ಅರ್ಧ ಜನರ ಹೆರಿಗೆ ಮಾಡಿಸಿದಾಕೆ, ಮೊರ್ವೆನ್ನಾ ಹುಟ್ಟಿದ್ದೂ ಅವಳ ಕೈಯಲ್ಲೇ. “ಕಲ್ಲಿನ ಹತ್ರ ನನ್ನ ಇಳಿಸ್ದೆ ಒಯ್ದೀರಿ, ಹುಷಾರ್ ಕಣ್ರೇ!” ಎಂದು ಹೇಳಿಯೇ ಕಣ್ಣು ಮುಚ್ಚಿದಳು. ಬೇಡವೆಂದು ಮಗಳನ್ನು ಬೇಡಿಕೊಂಡೆ. “ಸುಮ್ನಿರಪ್ಪಾ, ಮಾತು ಕೊಟ್ಟಿದೀನಿ” ಎಂದಳು. ಅವಳ ಜಾಗ ಮುಂದಿನ ಎಡಗಡೆ. ಕಲ್ಲು ವಾಲಿರುವುದೂ ಆ ಕಡೆಗೇ.

ಗುರುವಾರ ಸಂಜೆಯೊಳಗೆ ನನ್ನ ತೊಲೆಗಳನ್ನು ಹಿಂದಿರುಗಿಸಿ. ಇಲ್ಲವೇ ಶುಕ್ರವಾರ ಹನ್ನೊಂದು ಗಂಟೆಗೆ ತಾವೇ ದಯಮಾಡಿಸಿ ಮೊರ್ವೆನ್ನಾ ಪಕ್ಕ ನಿಲ್ಲಿ. ಹಾಡಿಗೆ ಆರು ಚರಣಗಳಿವೆ. ಕೊನೆಯದು ಮುಗಿಯುವವರೆಗೆ ಕದಲುವಂತಿಲ್ಲ.

ಇಂತಿ,
ನಿದ್ದೆಗೆಟ್ಟ ಗುಂಡಿಗಾರ
ಡೆನ್ಸಿಲ್ ಬೊಸಾಂಕೊ
(ಈ ವಾರಕ್ಕೆಂದು ಒಂದೇ ಗುಂಡಿ ತೋಡಿದ್ದೇನೆ. ಇನ್ನೊಂದು ನನ್ನ ಕೈಯಲ್ಲಿ ತೋಡಿಸಬೇಡಿ.)