ಬಸ್ಸಿನಲ್ಲಿ ಬಂದ ಮನೆಗಳು

ಮೆಹ್ರ್ ತಿಂಗಳು ೩, ಶನಿವಾರ

ಮತ್ತೆ ಮೆಟ್ಟಿಲು. ಇವತ್ತೂ ಕೂಡಿಬರಲಿಲ್ಲ. ಕೋಚಿಂಗ್ ಕ್ಲಾಸಿನಲ್ಲಿ ಉಸ್ತಾದ್ ಸಮ್ಸಾಮಿ ನನ್ನ ನಕ್ಷೆಯ ಹಾಳೆ ಎತ್ತಿ ಎಲ್ಲರಿಗೂ ತೋರಿಸಿದರು.

"ನೋಡಿ, ಮಾಹ್‌ಲಗಾ ಖಾನುಮ್ ಮನೇಲಿ ಎರಡನೇ ಮಹಡಿಗೆ ಹೋಗ್ಬೇಕಾದ್ರೆ ಹಾರಬೇಕು."

ಕ್ಲಾಸಿಗೆ ಕ್ಲಾಸೇ ನಕ್ಕಿತು. ನಾನೂ ನಕ್ಕೆ, ಬೇರೇನು ಮಾಡಲಿ. ವಯಸ್ಸು ಮೂವತ್ತಮೂರು. ಸ್ನಾತಕೋತ್ತರ ಪದವಿ ಗೋಡೆಯ ಮೇಲಿದೆ. ವರ್ಷಗಟ್ಟಲೆ ಆಫೀಸಿನಲ್ಲಿ ನಕ್ಷೆ ಮಾಡಿದ್ದೇನೆ — ಕೆಳಗೆ ಸಹಿ, ಮೊಹರು ಮಾತ್ರ ಯಾವಾಗಲೂ ಸಾಹೇಬರದು. ನನ್ನದೇ ಮೊಹರು ಬೇಕೆಂದರೆ ಪರೀಕ್ಷೆ ಪಾಸಾಗಬೇಕು. ಪರೀಕ್ಷೆಯಲ್ಲಿ ಕಂಪ್ಯೂಟರ್ ಇಲ್ಲ. ಪೆನ್ಸಿಲು, ಸ್ಕೇಲು, ಬೋರ್ಡು. ಒಂದು ದಿನದಲ್ಲಿ ಒಂದು ಇಡೀ ಕಟ್ಟಡ ಕೈಯಲ್ಲೇ ಬರೆಯಬೇಕು. ಎರಡು ಸಲ ಫೇಲಾಗಿದ್ದೇನೆ. ಇದು ಮೂರನೆಯದು.

ಉಸ್ತಾದರದು ಒಂದೇ ಮಂತ್ರ: "ಪರೀಕ್ಷೇಲಿ ಆರ್ಕಿಟೆಕ್ಟ್ ಆಗೋಕೆ ಹೋಗ್ಬೇಡಿ. ಅದಕ್ಕೆ ಆಮೇಲೆ ಇಡೀ ಜನ್ಮ ಇದೆ. ಅವತ್ತೊಂದು ದಿನ ಗುಮಾಸ್ತರಾಗಿ."

ಮೆಹ್ರ್ ೫, ಸೋಮವಾರ

ಬಿಲ್ಡರ್ ಬರೂಮಂದ್ ಬಂದಿದ್ದ. ಬೂಟು ಬಿಚ್ಚುವಾಗಲೇ ಅಂಗಳದ ಅಳತೆ ಕಣ್ಣಲ್ಲೇ ತೆಗೆದುಕೊಂಡ. ಬಾಬಾ ಚಹಾ ಕೊಟ್ಟರು, ಜೊತೆಗೆ ಸಕ್ಕರೆಯ ತೆಳು ಬಿಲ್ಲೆ, ಪೂಲಕಿ. ಮಾತು ಪಕ್ಕಾ ಆಯಿತು. ನಮ್ಮ ಮನೆ ಕೆಡವುವುದು. ಅದೇ ಜಾಗದಲ್ಲಿ ನಾಲ್ಕು ಫ್ಲಾಟು — ಎರಡು ಅವನಿಗೆ, ಎರಡು ನಮಗೆ. ಕೆಳಗೆ ನಾಲ್ಕು ಕಾರಿನ ಪಾರ್ಕಿಂಗ್.

ಎಲ್ಲ ಮುಗಿಯಿತು ಅಂದುಕೊಂಡಾಗ ಬಾಬಾ ಗಂಟಲು ಸರಿಮಾಡಿಕೊಂಡರು.

"ಒಂದು ಶರತ್ತಿದೆ ಬರೂಮಂದ್ ಆಗಾ. ನಕ್ಷೆ ನನ್ನ ಮಗಳದು. ಮೊಹರೂ ಅವಳದೇ."

ಅವನು ನನ್ನ ಕಡೆ ನೋಡಿದ. "ಇಂಜಿನಿಯರ್ ಖಾನುಮ್‌ಗೆ ಮೊಹರು ಬಂತಾ?"

"ಬರುತ್ತೆ," ಅಂದರು ಬಾಬಾ. ನಾನು ಬಾಯಿ ತೆರೆಯುವ ಮೊದಲೇ.

"ನವ್‌ರೂಜ್, ಹೊಸ ವರ್ಷದ ಒಳಗೆ ಬಂದ್ರೆ ನನ್ನ ತಲೆ ಮೇಲಿಟ್ಕೋತೀನಿ. ಬರ್ಲಿಲ್ಲಾಂದ್ರೆ ನಮ್ಮ ಆಫೀಸಿನ ಇಂಜಿನಿಯರ್ ಮಾಡ್ತಾನೆ. ನೀವು ಬೇಜಾರು ಮಾಡ್ಕೋಬಾರದು."

ಬಾಬಾ ಕೈ ಕೊಟ್ಟರು. ನನ್ನನ್ನು ಕೇಳದೆ ನನ್ನ ಪರೀಕ್ಷೆಯನ್ನೇ ಪಣಕ್ಕಿಟ್ಟ ಮನುಷ್ಯ! ಸಿಟ್ಟು ಬಂತು. ಆಮೇಲೆ ನೋಡಿದರೆ ಖುಷಿಯಿಂದ ತೋಟದ ಪೈಪು ಹಿಡಿದು ಕೆಡವಲಿರುವ ಗೋಡೆಗೇ ನೀರು ಹಾಕುತ್ತಿದ್ದರು.

ಮೆಹ್ರ್ ೯, ಶುಕ್ರವಾರ

ಸ್ಟೋರಿನಿಂದ ಹಳೆಯ ಡ್ರಾಯಿಂಗ್ ಬೋರ್ಡು ತೆಗೆದೆ. ಮೂಲೆಯಲ್ಲಿ ಇನ್ನೂ ಟೇಪಿನ ಅಂಟು. ಮೂಸಿ ನೋಡಿದೆ — ಗೋಂದಿನ ಥರದ್ದೇನೋ, ಜೊತೆಗೆ ಡೀಸೆಲ್ಲು. ಡೀಸೆಲ್ ವಾಸನೆ ಬಂದದ್ದೇ ತಡ, ಇಡೀ ಬೆಳಿಗ್ಗೆ ಕೆಲಸ ಕೆಟ್ಟಿತು. ಬಾಬಾ ಓಡಿಸುತ್ತಿದ್ದ ಸಿಟಿ ಬಸ್ಸೇ ಕಣ್ಣ ಮುಂದೆ.

ಓದಿದ ಅಷ್ಟೂ ವರ್ಷ ನನ್ನ ಮಾದರಿಗಳೆಲ್ಲ ಆ ಬಸ್ಸಿನಲ್ಲೇ ಕಾಲೇಜಿಗೆ ಹೋದವು. ರಟ್ಟಿನ ಮನೆ, ಥರ್ಮಾಕೋಲಿನ ಮಸೀದಿ, ಬಾಲ್ಸಾ ಕಡ್ಡಿಯ ಸೇತುವೆ. ಡ್ರೈವರ್ ಸೀಟಿನ ಪಕ್ಕ ಇಂಜಿನ್ನಿನ ಮುಚ್ಚಳ, ಅದರ ಮೇಲೆ ಕಂಬಳಿ, ಕಂಬಳಿಯ ಮೇಲೆ ನನ್ನ ಮನೆ. ಗಂಡಸರು ಮುಂದೆ, ಹೆಂಗಸರು ಹಿಂದೆ — ಹಾಗಾಗಿ ಮನೆ ಮುಂದೆ, ನಾನು ಹಿಂದೆ. ಬಾಬಾ ಪ್ರತಿ ನಿಲ್ದಾಣದಲ್ಲೂ ಕೂಗುತ್ತಿದ್ದರು: "ಇದು ನನ್ನ ಮಗಳ ಮನೆ, ಯಾರೂ ಈ ಕಡೆ ಕೆಮ್ಮಬೇಡಿ!"

ಪರೀಕ್ಷಕರಿಗೂ ಮೊದಲು ಪ್ರಯಾಣಿಕರೇ ಮನೆಗೆ ಮಾರ್ಕು ಹಾಕುತ್ತಿದ್ದರು. ಮುಂದಿನಿಂದ ಬಾಯಿಂದ ಬಾಯಿಗೆ ಹಿಂದಿನವರೆಗೆ ತಲುಪುತ್ತಿತ್ತು: "ಖಾನುಮ್‌ಗೆ ಹೇಳಿ, ಅಡುಗೆಮನೆ ಚಿಕ್ಕದಾಯ್ತಂತೆ." ಹಿಂದಿನಿಂದ ಹೆಂಗಸರು ಬಿಡುತ್ತಿರಲಿಲ್ಲ: "ಅಡುಗೆ ಮಾಡೋರು ನಾವು ಇಲ್ಲಿದೀವಿ. ಮುಂದಿನೋರಿಗ್ಯಾಕೆ ಅದರ ಉಸಾಬರಿ?"

ಹಾಜಿ ನಸ್ರುಲ್ಲಾ ಅಂತ ಒಬ್ಬ ಮುದುಕ. ದಿನಾ ಅದೇ ಬಸ್ಸು, ಮೊದಲ ಸೀಟು. ಬಾಬಾಗೆ ಅವನದು ಒಂದೇ ಪ್ರಶ್ನೆ.

"ಕಕ್ಕಸು ಯಾವ ಕಡೆ ಮುಖ ಮಾಡಿದೆ ರಹ್ಮತ್ ಆಗಾ? ಕಿಬ್ಲಾ ಕಡೆ ಅಲ್ಲ ತಾನೇ?"

ನಮಾಜಿಗೆ ಮುಖ ಮಾಡುವ ದಿಕ್ಕಿಗೆ ಕಕ್ಕಸಿನಲ್ಲಿ ಕೂತವನ ಮುಖವೂ ಇರಬಾರದು, ಬೆನ್ನೂ ಇರಬಾರದು. ಅದು ಸರಿಯೇ. ಆದರೆ ಬಸ್ಸು ತಿರುಗುತ್ತದಲ್ಲ! ಚೌಕದಲ್ಲಿ ಎಡಕ್ಕೆ ತಿರುಗಿದರೆ ಹಾಜಿ "ಅಸ್ತಗ್‌ಫಿರುಲ್ಲಾ, ದೇವರು ಕ್ಷಮಿಸಲಿ" ಅಂತ ಎದ್ದು ಇಡೀ ಮನೆಯನ್ನು ಬಲಕ್ಕೆ ತಿರುಗಿಸುತ್ತಿದ್ದ. ಸೇತುವೆ ದಾಟಿದರೆ ಮತ್ತೆ ಎಡಕ್ಕೆ. ಕಾಲೇಜು ಬರುವಷ್ಟರಲ್ಲಿ ನನ್ನ ಮನೆ ದರ್ವೇಶಿಯ ಹಾಗೆ ಸುತ್ತಿ ಸುತ್ತಿ ಸುಸ್ತಾಗಿರುತ್ತಿತ್ತು. ಒಂದು ಸಲ ಬಾಲ್ಕನಿ ಉದುರಿತು. ಹಾಜಿ ಅದನ್ನು ಜೇಬಿನಲ್ಲಿ ಜೋಪಾನವಾಗಿಟ್ಟುಕೊಂಡು ಇಳಿಯುವಾಗ ಕೊಟ್ಟ.

ಕಾಲೇಜಿನ ನಿಲ್ದಾಣ. ನಾನು ಹಿಂದಿನ ಬಾಗಿಲಿಂದ ಇಳಿದು ಮುಂದಿನ ಬಾಗಿಲಿಗೆ ಓಡಬೇಕು, ಮನೆ ಎತ್ತಿಕೊಳ್ಳಬೇಕು. ಬಾಬಾ ಕನ್ನಡಿಯಲ್ಲಿ ನೋಡುತ್ತ ಕೂಗುತ್ತಿದ್ದರು, "ಹಿಂದಿನೋರು ಇಳಿದ್ರಾ? ಬಾಗಿಲು ಹಾಕ್ತೀನಿ!" ನಾನು ಇಳಿದದ್ದು ಕಂಡರೂ ಕೂಗುತ್ತಿದ್ದರು. "ಇನ್ನೂ ಇಳಿತಿದೀನಿ ಬಾಬಾ!" ಅನ್ನಬೇಕಿತ್ತು ನಾನು. ಮೊದಮೊದಲು ನಾಚಿಕೆ. ಸ್ನಾತಕೋತ್ತರಕ್ಕೆ ಬರುವ ಹೊತ್ತಿಗೆ ಅದನ್ನು ಹೇಳದೆ ದಿನವೇ ಶುರುವಾಗುತ್ತಿರಲಿಲ್ಲ.

ಎಷ್ಟು ಚೆನ್ನಾಗಿತ್ತು. ಆಗ ಗೊತ್ತಿರಲಿಲ್ಲ, ಅಷ್ಟೆ.

ಮೆಟ್ಟಿಲು ಒಂದೂ ಬರೆಯಲಿಲ್ಲ ಇವತ್ತು.

ಮೆಹ್ರ್ ೧೪, ಬುಧವಾರ

ಉಸ್ತಾದ್ ಇವತ್ತು ಸಿಟ್ಟಾದರು. ಮತ್ತೆ ಬಾಗಿಲು ಒಳಕ್ಕೆ ಸರಿಸಿ ಎರಡು ಕಡೆ ಕಟ್ಟೆ ಬರೆದಿದ್ದೆ. ಕೈ ತಾನಾಗಿ ಬರೆಯುತ್ತದೆ, ನಾನೇನು ಮಾಡಲಿ? ಹೋದ ಸಲ ಫೇಲಾದದ್ದೂ ಇದರಿಂದಲೇ. ಬಾಗಿಲಲ್ಲೇ ಹೊತ್ತು ಹೋಗಿ ಒಳಗೆ ಮನೆ ಅರ್ಧ ಉಳಿಯಿತು. ಸ್ನಾತಕೋತ್ತರದ ಪ್ರಬಂಧವೂ ಬಾಗಿಲುಗಳ ಮೇಲೆಯೇ. ಮೌಖಿಕದಲ್ಲಿ ಒಬ್ಬ ಪರೀಕ್ಷಕರು ಕೇಳಿದ್ದರು: "ಎರಡು ವರ್ಷದಿಂದ ಹೊಸಿಲಲ್ಲೇ ನಿಂತಿದೀಯಲ್ಲಮ್ಮ, ಒಳಗೆ ಯಾವಾಗ ಬರ್ತೀಯ?"

ನಮ್ಮ ಮನೆಯ ಬಾಗಿಲಿನ ಎರಡೂ ಕಡೆ ಅಂಥ ಕಲ್ಲಿನ ಕಟ್ಟೆ ಇದೆ. ಪೀರ್‌ನಶೀನ್, ಅಂದರೆ ಹಿರಿಯರ ಪೀಠ. ಓಣಿಯಲ್ಲಿ ಉಳಿದಿರುವುದು ಇದೊಂದೇ ಜೋಡಿ. ಯಾರು ಬೇಕಾದರೂ ಬಂದು ಕೂರಬಹುದು, ಬಾಗಿಲು ತಟ್ಟಬೇಕಿಲ್ಲ, ಯಾಕೆ ಕೂತಿರಿ ಅಂತ ಕೇಳುವ ಹಾಗೂ ಇಲ್ಲ. ಬಾಬಾ ನಿವೃತ್ತರಾದ ಮೇಲೆ ಸಂಜೆಯಾದರೆ ಅಲ್ಲೇ. ಹಳೆಯ ಡ್ರೈವರುಗಳೆಲ್ಲ ಬರುತ್ತಾರೆ. ಚಿಕ್ಕವಳಿದ್ದಾಗ ನಾನು ಅದರ ಮೇಲೆಯೇ ಕೂತು ಕಾಪಿ ಬರೆಯುತ್ತ ಬಾಬಾ ಬರುವುದನ್ನು ಕಾಯುತ್ತಿದ್ದೆ. ಈಗಲೂ ಆ ಕಲ್ಲಿನ ತಂಪು ತೊಡೆಗೆ ನೆನಪಿದೆ.

ಅಮ್ಮನಿಗೆ, ಮಾಮಾನ್‌ಗೆ, ಇದೆಲ್ಲ ಹೇಳಿದೆ. ಬದನೆಕಾಯಿ ಸಿಪ್ಪೆ ತೆಗೆಯುತ್ತಿದ್ದವಳು ತಲೆ ಎತ್ತಲಿಲ್ಲ.

"ಹಳೇ ಮನೆ, ಹಳೇ ಮನೆ ಅಂತ ಅಳೋರು ಅದನ್ನ ಗುಡಿಸಿದೋರಲ್ಲ. ಚಳಿಗಾಲದಲ್ಲಿ ಅಂಗಳ ದಾಟಿ ಕಕ್ಕಸಿಗೆ ಹೋದೋಳು ನಾನು. ಕೆಡವಲಿ. ಲಿಫ್ಟು ಹಾಕಿಸು, ಬಚ್ಚಲಿಗೆ ಬಿಸಿನೀರು ಹಾಕಿಸು. ಆ ಮುದುಕರ ಪಾರ್ಲಿಮೆಂಟು ಎಲ್ಲಾದ್ರೂ ಕೂತ್ಕೊಳ್ಳಲಿ."

ಮೆಹ್ರ್ ೨೩, ಶುಕ್ರವಾರ, ಸಂಜೆ

ಪರೀಕ್ಷೆ ಮುಗಿಯಿತು. ಬೆರಳು ನೆಟ್ಟಗಾಗುತ್ತಿಲ್ಲ. ಆದರೂ ಬರೆಯಬೇಕು, ಮರೆಯುವ ಮೊದಲು.

ದೊಡ್ಡ ಹಾಲು. ಎಲ್ಲರ ಕಂಕುಳಲ್ಲೂ ಬೋರ್ಡು. ನನ್ನ ಪಕ್ಕದವನ ಗಡ್ಡ ಬೆಳ್ಳಗಾಗಿತ್ತು. ಪ್ರಶ್ನೆ: ಸಣ್ಣ ನಿವೇಶನ, ಫ್ಲಾಟುಗಳು, ಪಾರ್ಕಿಂಗ್. ಮೂಲೆಯಲ್ಲಿ ಉತ್ತರದ ಬಾಣ, ಕಿಬ್ಲಾದ ಬಾಣ. ಗುಮಾಸ್ತಳಾದೆ. ಕಾರು, ರ‍್ಯಾಂಪು, ಮೆಟ್ಟಿಲು... ಮೆಟ್ಟಿಲು ಕೂಡಿತು! ಬಾಗಿಲಿಗೆ ಬಂದಾಗ ಪೆನ್ಸಿಲು ನಿಂತಿತು. ಕಟ್ಟೆ ಬರೆಯಲಿಲ್ಲ. ರಸ್ತೆಯ ಗೆರೆಗೆ ಸರಿಯಾಗಿ ಕಬ್ಬಿಣದ ಬಾಗಿಲು ಎಳೆದು ಮುಂದೆ ಹೋದೆ. ಕಟ್ಟೆಯಿಲ್ಲದ ಮನೆ ಬರೆದದ್ದು ಜೀವನದಲ್ಲಿ ಇದೇ ಮೊದಲು.

ಕೊನೆಗೆ ಸ್ವಲ್ಪ ಹೊತ್ತು ಉಳಿಯಿತು. ಎಲ್ಲ ಸರಿಯಿದೆ ಅನಿಸಿತು. ಆಗ ಕಿವಿಯಲ್ಲೇ ಕೇಳಿದ ಹಾಗೆ — "ಕಕ್ಕಸು ಯಾವ ಕಡೆ?" ಹಾಜಿ ತೀರಿಕೊಂಡು ಎಷ್ಟೋ ವರ್ಷವಾಯಿತು. ಹಾಳೆಯನ್ನು ಬೋರ್ಡಿನಿಂದ ಬಿಡಿಸಿ ತಿರುಗಿಸಿದೆ, ಅವನು ಮನೆ ತಿರುಗಿಸುತ್ತಿದ್ದ ಹಾಗೆ, ಕಿಬ್ಲಾದ ಬಾಣ ನನ್ನ ಎದುರಿಗೆ ಬರುವವರೆಗೆ.

ಪ್ರತಿ ಮಹಡಿಯಲ್ಲೂ ಕಕ್ಕಸು ನೇರ ಕಿಬ್ಲಾಕ್ಕೆ.

ಮೇಲ್ವಿಚಾರಕಿ ಬಂದಳು. "ಯಾಕ್ರೀ ಹಾಳೆ ತಿರುಗಿಸ್ತಿದೀರಿ?" ಬಸ್ಸು ತಿರುಗಿತು ಅನ್ನಬೇಕೆಂದು ಬಾಯಿಗೆ ಬಂದಿತ್ತು. ಅಳಿಸಿದೆ, ತಿರುಗಿಸಿ ಬರೆದೆ, ಗಂಟೆ ಹೊಡೆಯಿತು.

ಹೊರಗೆ ಬಾಬಾ, ಫ್ಲಾಸ್ಕು ಹಿಡಿದು. ಗೋಶೆ ಫೀಲ್ ತಿನ್ನಿಸಲು ಕರೆದುಕೊಂಡು ಹೋದರು. ಸಿಹಿ ಹಪ್ಪಳದ ಜೊತೆ ಉಪ್ಪು ಮಜ್ಜಿಗೆ, ಚಿಕ್ಕಂದಿನ ಹಾಗೆ.

"ಕಟ್ಟೆ ಇಟ್ಯಾ?"

"ಇಲ್ಲ ಬಾಬಾ."

"ಒಳ್ಳೇದಾಯ್ತು," ಅಂದರು. ಆಮೇಲೆ ತಮ್ಮ ಪಾಲಿನ ಹಪ್ಪಳವನ್ನೂ ನನ್ನ ತಟ್ಟೆಗೆ ಹಾಕಿದರು.

ಆಜರ್ ೨೦, ಶನಿವಾರ

ಪಾಸು.

ಪಾಸು. ಪಾಸು.

ಬಾಬಾ ಕಟ್ಟೆಯ ಮೇಲೆ ಕೂತು ಹೋಗಿ ಬರುವವರಿಗೆಲ್ಲ ಗಜ್ ಮಿಠಾಯಿ ಹಂಚಿದರು. ತರಕಾರಿ ಗಾಡಿಯವನನ್ನೂ ಬಿಡಲಿಲ್ಲ. ಮಾಮಾನ್ ಅಡುಗೆಮನೆಯಲ್ಲಿ ಒಬ್ಬಳೇ ಅಳುತ್ತಿದ್ದಳು. ನೋಡಿದ್ದಕ್ಕೆ "ಈರುಳ್ಳಿ" ಅಂದಳು. ಕೈಯಲ್ಲಿ ಇದ್ದದ್ದು ಅಕ್ಕಿ.

ಬಹ್ಮನ್ ೭, ಗುರುವಾರ

ಪರವಾನಗಿ ಬಂತು. ಮೊಹರೂ ಬಂತು. ಇಷ್ಟೇ ಇಷ್ಟು, ಬೆಂಕಿಪೊಟ್ಟಣದಷ್ಟು. ನನ್ನ ಹೆಸರು ಉಲ್ಟಾ ಕೆತ್ತಿದೆ. ಬಾಬಾ ಅಂಗೈ ಚಾಚಿದರು.

"ಹಾಕು. ಮೊದಲನೇ ಟಿಕೆಟ್ಟು ನಂದು."

ಹಾಕಲಿಲ್ಲ. ಮೊದಲನೆಯದು ನಮ್ಮ ಮನೆಯ ನಕ್ಷೆಗೇ.

ಬಹ್ಮನ್ ೧೨, ಮಂಗಳವಾರ

ಇನ್ನು ಆರ್ಕಿಟೆಕ್ಟ್ ಆಗಬಹುದು ಅಂದುಕೊಂಡಿದ್ದೆ. ಬಾಗಿಲು ಒಳಕ್ಕೆ ಸರಿಸಿ, ನಮ್ಮ ಹಳೆಯ ಕಲ್ಲುಗಳನ್ನೇ ಎರಡು ಕಡೆ ಕೂರಿಸಿ ನಕ್ಷೆ ಮಾಡಿದೆ. ಬರೂಮಂದ್ ಬೆರಳಿಟ್ಟದ್ದು ಅಲ್ಲೇ.

"ಇದೇನು ಖಾನುಮ್?"

"ಕಟ್ಟೆ."

"ಕಟ್ಟೆ ಇಟ್ರೆ ಕಾರು ಹೇಗೆ ತಿರುಗುತ್ತೆ? ಒಂದು ಪಾರ್ಕಿಂಗ್ ಕಡಿಮೆ ಆದ್ರೆ ನಗರಪಾಲಿಕೆ ಹಾಳೇನೇ ಮುಟ್ಟಲ್ಲ. ನಿಮ್ಮ ಮೊಹರು, ನಿಮ್ಮ ಇಷ್ಟ. ನಾನಂತೂ ಹೇಳಿದೀನಿ."

ಅವನು ಹೇಳಿದ್ದು ಸರಿ, ಅದೇ ಕಷ್ಟ. ಎಷ್ಟು ತಿರುಗಿಸಿ ಮುರುಗಿಸಿ ನೋಡಿದರೂ ಕಾರು ಬಂದರೆ ಕಟ್ಟೆ ಹೋಗುತ್ತದೆ, ಕಟ್ಟೆ ಬಂದರೆ ಕಾರು ಹೋಗುತ್ತದೆ. ಇದಕ್ಕೇನಾ ಮೂರು ಸಲ ಪರೀಕ್ಷೆ ಬರೆದದ್ದು? ಬಾಬಾನ ಜಾಗವನ್ನು ನನ್ನ ಕೈಯಾರೆ ಅಳಿಸಿ, ಕೆಳಗೆ ನನ್ನ ಹೆಸರು ಒತ್ತಲು?

ಬಹ್ಮನ್ ೧೬, ಶನಿವಾರ

ಬಾಬಾಗೆ ಹೇಳಿಬಿಟ್ಟೆ. ಕಟ್ಟೆ ತೆಗೆದ ನಕ್ಷೆ ಮುಂದಿಟ್ಟೆ. ಕಣ್ಣೆತ್ತಿ ನೋಡಲು ಆಗಲಿಲ್ಲ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

"ಬಾಗಿಲ ಹತ್ರ ಇರೋ ಈ ನಾಲ್ಕನೇ ನಂಬರ್ ಪಾರ್ಕಿಂಗ್ ಯಾರದು?"

"ನಿನ್ನದು. ನಿಮ್ಮಿಬ್ಬರ ಫ್ಲಾಟಿಂದು."

"ನನಗೆ ಕಾರಿದೆಯಾ?"

ಇಲ್ಲ. ಇಡೀ ಊರನ್ನು ಹೊತ್ತು ತಿರುಗಿದವರು ಸ್ವಂತಕ್ಕೆ ಸೈಕಲ್ಲೂ ಇಟ್ಟುಕೊಂಡವರಲ್ಲ.

"ಕಾರಿಗೆ ಜಾಗ ಬಿಡು ಅಂತಾರೆ, ಬಿಡು. ಕಾರು ತಂದು ನಿಲ್ಸು ಅಂತ ಯಾರಾದ್ರೂ ಅಂತಾರಾ? ಗೆರೆ ಇರ್ಲಿ, ನಂಬರ್ ಇರ್ಲಿ. ಆ ಎರಡು ಕಲ್ಲು ತಂದು ಅಲ್ಲಿ ಹಾಕ್ತೀವಿ. ಮುಂದಿನ ಗೇಟು ಸರಳಿಂದು ಮಾಡ್ಸು, ಓಣಿ ಕಾಣ್ಬೇಕು. ಮೇಲೆ ಸೂರೂ ಇದೆ. ಬಿಸಿಲಿಲ್ಲ, ಹಿಮ ಇಲ್ಲ. ಇಷ್ಟು ದಿನ ಇದಕ್ಕಿಂತ ಸುಖವಾಗಿ ಕೂತಿದ್ವಾ?"

ಮಾಮಾನ್ ಒಳಗಿನಿಂದ: "ಗೇಟಿಗೆ ಬೀಗ ಬೇಡ. ಇಲ್ಲಾಂದ್ರೆ ಒಬ್ಬೊಬ್ಬ ಮುದುಕ ಬಂದಾಗ್ಲೂ ನಾನೇ ಇಳಿದು ಬಂದು ತೆಗೀಬೇಕು."

ನಗು ಬಂತು, ಅಳುವೂ ಬಂತು. ಎರಡು ವರ್ಷ ಬಾಗಿಲುಗಳ ಮೇಲೆ ಪ್ರಬಂಧ ಬರೆದವಳಿಗೆ ಇದು ಹೊಳೆಯಲಿಲ್ಲವಲ್ಲ. ಬಾಬಾಗೆ ಹೊಳೆದದ್ದು ಅವರಿಗೆ ಕೂರಬೇಕಿತ್ತು ಎಂಬುದಕ್ಕೆ. ಬೇಕಾದವನಿಗೆ ದಾರಿ ಕಾಣುತ್ತದೆ.

ಇಸ್ಫಂದ್ ೧೨, ಗುರುವಾರ, ಮಧ್ಯಾಹ್ನ

ಮನೆ ಖಾಲಿ. ಸಾಮಾನೆಲ್ಲ ಬಾಡಿಗೆ ಮನೆಗೆ ಹೋಯಿತು. ನಕ್ಷೆಯ ಹಾಳೆಗಳನ್ನು ನೆಲದ ಮೇಲೆ ಹರಡಿ, ಮಂಡಿಯೂರಿ ಕೂತಿದ್ದೇನೆ. ಬರೂಮಂದ್‌ನ ಜನ ಇನ್ನೇನು ಬರುತ್ತಾರೆ, ಹಾಳೆ ಒಯ್ಯಲು. ಶನಿವಾರ ಗೋಡೆ ಉರುಳಿಸಲು ಶುರು.

ಎಲ್ಲ ಕಕ್ಕಸುಗಳನ್ನೂ ನೋಡಿದೆ. ಹಾಳೆ ತಿರುಗಿಸಿಯೂ ನೋಡಿದೆ. ಸಮಾಧಾನವಾಗಿ ನಿದ್ದೆ ಮಾಡಿ ಹಾಜಿ.

ಅಂಗಳದಲ್ಲಿ ಪರಪರ ಸದ್ದು. ಬಗ್ಗಿ ನೋಡಿದೆ. ಮಾಮಾನ್. ನಾಡಿದ್ದು ಮಣ್ಣಾಗುವ ಅಂಗಳವನ್ನು ಗುಡಿಸುತ್ತಿದ್ದಾಳೆ, ಮೂಲೆಮೂಲೆ ಬಿಡದೆ. ಕರೆಯಲಿಲ್ಲ. ಕರೆದರೆ ಏನಾದರೂ ಜೋರು ಮಾಡುತ್ತಾಳೆ.

ಬಾಬಾ ಹೊರಗೆ ಕಟ್ಟೆಯ ಮೇಲೆ. ಎದುರು ಕಟ್ಟೆಯಲ್ಲಿ ಯಾರೋ ಗುರುತಿಲ್ಲದವರು, ಚೀಲ ಇಟ್ಟುಕೊಂಡು ಸುಮ್ಮನೆ ಸುಧಾರಿಸಿಕೊಳ್ಳುತ್ತಿದ್ದಾರೆ. ಸಂಜೆ ಆ ಕಲ್ಲುಗಳೂ ಏಳುತ್ತವೆ, ನಾಲ್ಕನೇ ನಂಬರಿಗೆ ಹೋಗುವವರೆಗೆ ಬಾಡಿಗೆ ಮನೆಯ ಅಂಗಳದಲ್ಲಿ.

ಮೊಹರಿಗೆ ಶಾಯಿ ಹಚ್ಚಿದೆ. ನಗು ಬರುತ್ತಿದೆ. ಒಂದು ಸಲ ಒತ್ತಿದರೆ ಆಯಿತು. ಈ ಮನೆಯಲ್ಲಿ ನನಗೆ ಉಳಿದಿರುವ ಕೆಲಸ ಅಷ್ಟೇ. ಅದಕ್ಕೇ ಒತ್ತುತ್ತಿಲ್ಲ.

ಹೊರಗಿನಿಂದ ಬಾಬಾ ಕೂಗುತ್ತಿದ್ದಾರೆ. ಹೆಸರು ಹಿಡಿದಲ್ಲ.

"ಹಿಂದಿನೋರು ಇಳಿದ್ರಾ? ಬಾಗಿಲು ಹಾಕ್ತೀನಿ!"

ಇನ್ನೂ ಇಳಿತಿದೀನಿ ಬಾಬಾ, ಇನ್ನೂ